ಹಸಿರು ಶಾಲಿನ ಅಜ್ಜಿ

ನಾನು ಹೇಳುವುದರಲ್ಲಿ ಹತ್ತಕ್ಕೆ ಒಂಬತ್ತು ಬೊಗಳೆ ಎನ್ನುತ್ತಾಳೆ ಅಕ್ಕ. ಇದು ಉಳಿದ ಆ ಒಂದು.

ನಾನು ರೀಲ್ಸ್ ತೆಗೆದರೆ ಹಾಳು ಗೋದಾಮೂ ಅರಮನೆಯಾಗುತ್ತದೆ. ಹಾಗಾಗಿ, ಬುಕಿಂಗ್ ಇಲ್ಲದೆ ಮುಚ್ಚುವ ಹಂತಕ್ಕೆ ಬಂದಿದ್ದ ಭಾವನ ಪಾರ್ಟಿ ಹಾಲನ್ನು ಉಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಮಧ್ಯಾಹ್ನ ಖಾಲಿ ಹಾಲಿನ ವಿಡಿಯೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದೆ. ಎಸಿ ಆಫ್ ಆಗಿದ್ದರೂ ಬಾಗಿಲ ಬಳಿ ಮಾತ್ರ ಫ್ರಿಜ್ಜಿನೊಳಗೆ ಕೈಯಿಟ್ಟಂತೆ ತಣ್ಣಗಿತ್ತು. ಸಂಜೆಯೊಳಗೆ ಲೋಕವೇ ಫೋನು ಮಾಡಿತು. ಮೊದಲ ಹೆಂಗಸು ಬಾಡಿಗೆಯನ್ನು ಕೇಳಲೇ ಇಲ್ಲ.

"ಬಾಗಿಲಲ್ಲಿ ನಿಂತು ನಗ್ತಾರಲ್ಲ, ಹಸಿರು ಶಾಲಿನ ಅಜ್ಜಿ, ಅವರು ನಮ್ಮ ಫಂಕ್ಷನ್ನಿಗೂ ಇರ್ತಾರಾ?"

ಎರಡನೆಯವರೂ ಅದನ್ನೇ ಕೇಳಿದರು. ಆಮೇಲೆ ಎಲ್ಲರೂ.

ನಾನೂ ಭಾವನೂ ಕಣ್ಣು ಉರಿಯುವಷ್ಟು ಸಲ ವಿಡಿಯೋ ನೋಡಿದೆವು. ಬಾಗಿಲಿತ್ತು, ಅಜ್ಜಿ ಇರಲಿಲ್ಲ.

"ನೀನೇ ಹೇಳ್ಕೊಟ್ಟು ಫೋನು ಮಾಡಿಸ್ತಿದ್ದೀಯಲ್ವೇನೋ, ತರಲೆ?" ಎಂದರು ಭಾವ.

"ನಿಮ್ಮಾಣೆ ಇಲ್ಲ ಭಾವ!"

"ನನ್ನಾಣೆ ಯಾಕೋ, ನಿನ್ನಾಣೆ ಇಡು! ಮೊದಲು ಅದನ್ನ ಅಳಿಸು. ಜನ ಬಂದು ಅಜ್ಜಿ ಎಲ್ಲಿ ಅಂದ್ರೆ ನಾನೇನು ಶಾಲು ಹೊದ್ಕೊಂಡು ನಿಂತ್ಕೊಳ್ಳಲಾ?"

ಅಳಿಸಿ ಹೊಸದನ್ನು ಹಾಕಿದೆ. ಈ ಸಲ ನೆಲದ ಮೇಲೆ ಅಂಗಾತ ಮಲಗಿ, ಚಾವಣಿಯ ದೀಪಗಳನ್ನು ಮಾತ್ರ ತೆಗೆದಿದ್ದೆ. ಅದರಲ್ಲಿ ಬಾಗಿಲಿಲ್ಲ, ಗೋಡೆಯೂ ಇಲ್ಲ.

ಮೊದಲ ಹೆಂಗಸೇ ಮತ್ತೆ ಫೋನು ಮಾಡಿದರು.

"ಹಾಲ್ ನಮಗೇ ಬುಕ್ ಮಾಡಿ. ಅಂದ ಹಾಗೆ, ಅಜ್ಜಿ ಯಾಕೆ ಈ ಸಲ ಕೂತ್ಬಿಟ್ಟಿದ್ದಾರೆ? ಕಾಲು ನೋವಾ?"