ಗುಳ್ಳೆ ನಿಂತಿತಾ, ಸೂಜಿ?

ಎಂಜಿನ್ ಶುರುವಾಗದಿದ್ದರೆ ಏನು ಗತಿ ಎಂಬುದು ಅಪ್ಪನ ಚಿಂತೆ. ಶುರುವಾಗಿಬಿಟ್ಟರೆ ಏನು ಗತಿ ಎಂಬುದು ಸೂಜಿಯ ಚಿಂತೆ. ಅದನ್ನು ಅವಳು ತನಗೊಬ್ಬಳಿಗೇ ಕೇಳುವಷ್ಟು ಮೆತ್ತಗೆ ಹೇಳಿಕೊಂಡಳು.

ಹೇಳಿಕೊಳ್ಳಲು ಜಾಗವೂ ತಕ್ಕದ್ದಾಗಿತ್ತು. ಹಿತ್ತಿಲಲ್ಲಿ ದಿಮ್ಮಿಗಳ ಮೇಲೆ ಕೂತಿದ್ದ ಹಳೆಯ ದೋಣಿಯ ಹೊಟ್ಟೆಯೊಳಗೆ, ತುಕ್ಕು ಹಿಡಿದ ಎಂಜಿನ್ನಿನ ಪಕ್ಕ, ಅವಳು ತಲೆಕೆಳಗಾಗಿ ತೂರಿಕೊಂಡಿದ್ದಳು. ಹೊರಗೆ ಕಾಣುತ್ತಿದ್ದುದು ಎರಡು ಕಾಲು ಮಾತ್ರ.

“ಗುಳ್ಳೆ ನಿಂತಿತಾ, ಸೂಜಿ?” ಮೇಲಿನಿಂದ ಅಪ್ಪ ಕೇಳಿದ.

ಅಪ್ಪ ದರ್ಜಿ. ಕಡ್ಡಿಯಂತಿದ್ದ ಮಗಳನ್ನು ಸೂಜಿ ಎಂದು ಕರೆದವನೂ ಅವನೇ. ಎಂಜಿನ್ನಿನ ಕಿಂಡಿಯಲ್ಲಿ ಅಪ್ಪನ ಹೊಟ್ಟೆ ತೂರುತ್ತಿರಲಿಲ್ಲ. ಹಾಗಾಗಿ ಗುಳ್ಳೆ ನೋಡುವ ಕೆಲಸ ಸೂಜಿಯದು. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿದ್ದರೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಒಂದು ಸ್ಕ್ರೂ ಸಡಿಲ ಮಾಡಿ ಪುಟ್ಟ ಪಂಪನ್ನು ಒತ್ತುತ್ತಾ ಇರಬೇಕು. ಗುಳ್ಳೆಯೆಲ್ಲ ಹೋಗಿ ಬರೀ ಡೀಸೆಲ್ ಬಂದಾಗ ಬಿಗಿ ಮಾಡಬೇಕು. ಇಷ್ಟನ್ನೂ ಅಪ್ಪ ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತಿದ್ದ.

ಸ್ಕ್ರೂವಿನ ಬಾಯಲ್ಲಿ ಗುಳ್ಳೆಗಳು ಬುಳಬುಳ ಎನ್ನುತ್ತಿದ್ದವು.

“ನಿಂತಿತು,” ಎಂದು ಸೂಜಿ ಬಿಗಿ ಮಾಡಿಬಿಟ್ಟಳು. ಹೋದ ಭಾನುವಾರವೂ ಹೀಗೇ ಅಂದಿದ್ದಳು.

ಅಪ್ಪ ಹ್ಯಾಂಡಲ್ ತಿರುಗಿಸಿದ. ಎಂಜಿನ್ ‘ಫುಸ್’ ಅಂದಿತು. ಮತ್ತೆ ತಿರುಗಿಸಿದ. ‘ಫುಸ್.’

“ಅದಕ್ಕೆ ಶೀತ ಆಗಿದೆ ಕಣೋ, ಕಂಬಳಿ ಹೊದಿಸಿ ಮಲಗಿಸು,” ಎಂದಳು ಕಟ್ಟೆಯ ಮೇಲಿದ್ದ ಅಜ್ಜಿ. “ನಿಮ್ಮಣ್ಣ ಇಲ್ಲಿ ತಂದು ಬಿಟ್ಟುಹೋದಾಗ ಬಟ್ಟೆ ಒಣಗಿಸೋಕಾದ್ರೂ ಆಗ್ತಿತ್ತು ಈ ದೋಣಿ.”

“ಅಮ್ಮಾ, ಇದೂ ಹೊಲಿಗೆ ಮಷಿನ್ ತರಾನೇ. ಎಣ್ಣೆ ಬಿಟ್ರೆ ಓಡುತ್ತೆ.”

“ನಿನ್ನ ಹೊಲಿಗೆ ಮಷಿನ್ನೂ ದಿನಾ ಅರ್ಧ ಹೊತ್ತು ಮುನಿಸ್ಕೊಂಡಿರುತ್ತೆ.”

ಇದೆಲ್ಲ ಒಂದು ಚಿತ್ರದಿಂದ ಆದ ಅವಾಂತರ. ಒಂದನೇ ಕ್ಲಾಸಿನಲ್ಲಿ ಸೂಜಿ ದೋಣಿಯೊಂದನ್ನು ಬರೆದು, ಅದರ ತುದಿಯಲ್ಲಿ ತನ್ನನ್ನು ನಿಲ್ಲಿಸಿದ್ದಳು. ಕುದುರೆ ಬರೆದರೆ ನಾಲ್ಕು ಕಾಲು ಬರೆಯಬೇಕು, ದೋಣಿಗೆ ಕಾಲೇ ಇಲ್ಲ, ಅದಕ್ಕೆ. ಅಪ್ಪ ಅದನ್ನು ಅಂಗಡಿಯ ಕನ್ನಡಿಯ ಮೇಲೆ ಅಂಟಿಸಿದ. ಅಳತೆ ಕೊಡಲು ಬಂದವರಿಗೆಲ್ಲ, “ನನ್ನ ಮಗಳಿಗೆ ದೋಣಿ ಅಂದ್ರೆ ಪ್ರಾಣ. ಮೊದಲ ಸವಾರಿ ಅವಳದೇ,” ಎಂದು ಹೇಳಿದ.

ಪ್ರಾಣ ಬಾಯಿಗೆ ಬರುತ್ತದೆ ಎಂದು ಸೂಜಿ ಯಾರಿಗೂ ಹೇಳಲಿಲ್ಲ. ತುಂಬಿದ ಬಕೆಟ್ಟಿನೊಳಗೂ ಅವಳು ಬಗ್ಗಿ ನೋಡುವವಳಲ್ಲ.

ಹತ್ತಾರು ಸಲ ಫುಸ್ ಆದಮೇಲೆ ಅಪ್ಪ ದೋಣಿಯ ಅಂಚಿನಲ್ಲಿ ಕೂತುಬಿಟ್ಟ. ಅಂಗೈ ಬಿಡಿಸಿ ನೋಡಿಕೊಂಡ. ಕತ್ತರಿ ಹಿಡಿಯುವ ಕೈ ತುಂಬ ಬೊಬ್ಬೆ ಎದ್ದಿತ್ತು.

“ವಿಡಿಯೋದಲ್ಲಿ ಹೇಳಿದ್ದೆಲ್ಲ ಮಾಡಿದೆ,” ಎಂದ. “ನನ್ನ ತಲೆಗೇ ಹತ್ತಲ್ಲ ಅಂತ ಕಾಣುತ್ತೆ. ನಾಳೆ ಗುಜರಿಯವನಿಗೆ ಹೇಳ್ತೀನಿ. ಸುಮ್ನೆ ನಿಂಗೆ ಆಸೆ ತೋರಿಸಿಬಿಟ್ಟೆ ಕಣೇ, ಬೇಜಾರು ಮಾಡ್ಕೋಬೇಡ.”

ಅಜ್ಜಿ ಕೂಡ ತಮಾಷೆ ಬಿಟ್ಟು ಅವನ ಅಂಗೈಗೆ ಕೊಬ್ಬರಿ ಎಣ್ಣೆ ಸವರಿದಳು. ಅದು ಇನ್ನೂ ಕೆಟ್ಟದಾಗಿತ್ತು.

ಸೂಜಿ ಗೆದ್ದಿದ್ದಳು. ಆದರೆ ಕಿಂಡಿಯಿಂದ ಮೇಲೆ ಬಂದಿದ್ದ ಅವಳ ಕಣ್ಣೆದುರು ಇದ್ದುದು ಅಪ್ಪನ ಬೊಬ್ಬೆ ಎದ್ದ ಅಂಗೈ ಮಾತ್ರ.

“ಇರು, ಇನ್ನೊಂದ್ಸಲ ನೋಡ್ತೀನಿ,” ಎಂದು ಅವಳು ಮತ್ತೆ ತಲೆಕೆಳಗಾದಳು. ಸ್ಕ್ರೂ ಸಡಿಲಿಸಿದಳು. ಪಂಪ್ ಒತ್ತಿದಳು. ಬುಳಬುಳ. ಇನ್ನೂ ಒತ್ತಿದಳು. ಬುಳ. ಹೆಬ್ಬೆರಳು ನೋಯುವ ತನಕ ಒತ್ತಿದ ಮೇಲೆ, ಎಳೆ ಕಡಿಯದ ದಾರದ ಹಾಗೆ ಡೀಸೆಲ್ ಇಳಿಯಿತು. ಸ್ಕ್ರೂ ಬಿಗಿ ಮಾಡಿದಳು.

“ಈಗ ತಿರುಗಿಸು.”

ಎಂಜಿನ್ ಫುಸ್ ಅನ್ನಲಿಲ್ಲ. ಕೆಮ್ಮಿತು. ಸೀನಿತು. ಅಜ್ಜಿ ಒಣಹಾಕಿದ್ದ ಚಾದರದ ಮೇಲೆ ಕಪ್ಪು ಹೊಗೆ ಉಗುಳಿ, ಡುಗುಡುಗು ಡುಗುಡುಗು ಎಂದು ಕುಣಿಯತೊಡಗಿತು. ದೋಣಿ ನಡುಗಿತು. ಅಪ್ಪನ ಕೊರಳಲ್ಲಿದ್ದ ಅಳತೆ ಟೇಪು ನಡುಗಿತು. ಎಂಜಿನ್ ಬಿಸಿಯಾಗದಿರಲಿ ಎಂದು ಬಕೆಟ್ಟಿಗೆ ಇಳಿಬಿಟ್ಟಿದ್ದ ಪೈಪು ಸೊರಸೊರ ನೀರು ಹೀರಿತು.

“ಮುಂದಿನ ಭಾನುವಾರ ಹೊಳೆಗೆ,” ಅಪ್ಪ ಕೂಗಿದ. “ಮೊದಲ ಸವಾರಿ ನಿಂದೇ.”

ಕೂಗಿದನೇ ಹೊರತು ಅವನು ಹೊಳೆಯ ಕಡೆ ನೋಡಲಿಲ್ಲ, ಸೂಜಿಯ ಕಡೆಯೂ ನೋಡಲಿಲ್ಲ. ಎಂಜಿನ್ನನ್ನೇ ನೋಡುತ್ತಿದ್ದ, ತೊಟ್ಟಿಲ ಮಗುವನ್ನು ನೋಡುವ ಹಾಗೆ. ಈ ಖುಷಿ ನೀರಿಗೆ ಇಳಿಯದೆಯೂ ಉಳಿಯುವಂಥದ್ದು ಎಂದು ಸೂಜಿಗೆ ಅನ್ನಿಸಿತು.

“ಅಪ್ಪಾ, ನಂಗೆ ಭಯ,” ಎಂದಳು.

“ಏನು?” ಡುಗುಡುಗು.

“ಭಯ ಅಂದೆ.”

“ಕೇಳಿಸ್ತಿಲ್ಲ, ಜೋರಾಗಿ ಹೇಳು.”

“ಬಕೆಟ್ ಖಾಲಿಯಾಯ್ತು, ನಿಲ್ಸೋ,” ಎಂದು ಅಜ್ಜಿ ಕೈ ಬೀಸಿದಳು. ಅಪ್ಪ ಗಾಬರಿಯಿಂದ ಎಂಜಿನ್ ನಿಲ್ಲಿಸುವ ತಂತಿ ಎಳೆದ. ಅಷ್ಟರಲ್ಲಿ ಸೂಜಿ ಎದೆ ತುಂಬ ಉಸಿರು ಎಳೆದುಕೊಂಡಾಗಿತ್ತು. ಎಂಜಿನ್ ತಟ್ಟನೆ ನಿಂತಿತು. ಅವಳು ನಿಲ್ಲಲಿಲ್ಲ. ಆಚೆ ಬೀದಿಯವರಿಗೂ ಕೇಳುವ ಹಾಗೆ ಅವಳ ದನಿ ಹೊರಟಿತು:

“ನಂಗೆ ನೀರಂದ್ರೆ ಭಯ, ಅದಕ್ಕೇ ಗುಳ್ಳೆ ನಿಂತಿತು ಅಂತ ಸುಳ್ಳು ಹೇಳಿದ್ದು!”