ಏರ್‌ಬ್ಯಾಗ್ ದೀಪ ಆರಿಸಿದವರು

ಕಾರಿನ ಕೀ ತಿರುಗಿಸಿದೊಡನೆ ಮೀಟರ್ ಫಲಕದ ದೀಪಗಳೆಲ್ಲ ಹೊತ್ತಿಕೊಂಡವು. ಏರ್‌ಬ್ಯಾಗಿನ ಕೆಂಪು ದೀಪವೂ ಹೊತ್ತಿ, ಏನೂ ಅರಿಯದ ಸಾಧುವಿನಂತೆ ಆರಿತು. ಆದರೆ ಮೀಟರ್ ಮಾಮನ ಕೈಯಲ್ಲಿದ್ದ, ದೋಷ ಓದುವ ಸ್ಕ್ಯಾನರ್ ಬೇರೆಯೇ ಹೇಳುತ್ತಿತ್ತು — ಏರ್‌ಬ್ಯಾಗಿಗೆ ಸಂಪರ್ಕವೇ ಇಲ್ಲ!

"ದೋಷ ಇದ್ರೆ ದೀಪ ಉರೀತಾನೇ ಇರ್ಬೇಕು," ಎಂದ ಮಾಮ. "ಇದ್ಯಾಕೆ ಆರ್ತು?"

ಅಣ್ಣ ಹಲ್ಲು ಕಚ್ಚಿದ. ಮೂತಿ ಅಪ್ಪಚ್ಚಿಯಾಗಿ ನಿಂತಿದ್ದ ಈ ಕಾರಿನಲ್ಲೇ ಅವನ ಒಬ್ಬಳೇ ತಂಗಿ ಸತ್ತಿದ್ದಳು. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಉಳಿಯುತ್ತಿದ್ದಳು ಎಂದು ವೈದ್ಯರೇ ಹೇಳಿದ್ದರು. ಬೇರೆಯವರು ಕೈಚೆಲ್ಲಿದ ಮೀಟರುಗಳ ಬಾಯಿ ಬಿಡಿಸುವ ಮಾಮನನ್ನು ಅಣ್ಣ ಗ್ಯಾರೇಜಿಗೆ ಕರೆಸಿದ್ದು ಒಂದೇ ಉದ್ದೇಶಕ್ಕೆ: ತಂಗಿಯ ಗಂಡನನ್ನು ಜೈಲಿಗೆ ಕಳಿಸಬೇಕು.

ಆ ಗಂಡ ಬಾಗಿಲಿಗೊರಗಿ ನಿಂತಿದ್ದ.

"ಫಲಕಕ್ಕೆ ಕೈ ಹಾಕಿದ್ಯಾ?" ಅಣ್ಣ ಅವನತ್ತ ತಿರುಗಿದ.

"ನಂಗೆ ಟೈರ್ ಬದಲಾಯ್ಸೋಕೂ ಬರಲ್ಲ ಭಾವ."

"ದಿನಾ ಜಗಳ ಆಡ್ತಿದ್ರಿ!"

"ಆಡ್ತಿದ್ವಿ. ಅದಕ್ಕೆ ಕೊಲ್ತಾರಾ? ಅವಳಿಲ್ಲದ ಮನೇಲಿ ನಾನು ಹೇಗಿದೀನಿ, ಒಂದ್ಸಲ ಬಂದು ನೋಡಿ..."

ಮೂಲೆಯ ಸ್ಟೂಲಿನಲ್ಲಿ ಅಪ್ಪ ಕೂತಿದ್ದ — ಈ ಗ್ಯಾರೇಜು ಕಟ್ಟಿದವನು. ಹಳೇ ಕಾರು ಕೊಂಡು, ಹೊಸದರಂತೆ ಮಾಡಿ ಮಗಳ ಹುಟ್ಟುಹಬ್ಬಕ್ಕೆ ಕೊಟ್ಟವನು. ಅವಳು ಹೋದಂದಿನಿಂದ ತುಟಿ ಬಿಚ್ಚಿರಲಿಲ್ಲ.

ಮಾಮ ಮೇಜಿನ ಮೇಲಿನ ಉಗುರುಬಣ್ಣದ ಸೀಸೆ ಸರಿಸಿ ಕನ್ನಡಕ ಇಟ್ಟ. ಸ್ಕ್ಯಾನರ್ ಒತ್ತಿದ. "ದೋಷ ಬಂದಾಗ ಕಾರು ಎಷ್ಟು ಓಡಿತ್ತು ಅಂತ ಇದ್ರಲ್ಲಿ ಸಿಗುತ್ತೆ. ನಿಮ್ಮನೆಗೆ ಬರೋಕೂ ಮುಂಚಿನ ದೋಷ ಇದು."

"ಹಾಗಾದ್ರೆ ಹಳೇ ಓನರ್ರೇ ನಮಗೆ ಟೋಪಿ ಹಾಕಿದಾನೆ!" ಎಂದ ಅಣ್ಣ.

"ದೋಷ ಅವನ ಕಾಲದ್ದು. ದೀಪ ಆರ್ಸಿದ್ಯಾರು? ಕೀ ತಿರುಗ್ಸಿದಾಗ ಎಲ್ಲಾ ದೀಪ ಒಟ್ಟಿಗೆ ಹೊತ್ಕೊಳ್ತವೆ — ಗುಂಪಲ್ಲಿ ಗೋವಿಂದ! ಅಲ್ಲೇ ಎಲ್ರೂ ಮೋಸ ಹೋಗೋದು. ಒಂದೊಂದನ್ನೇ ಹೊತ್ತಿಸೋಣ."

ಏರ್‌ಬ್ಯಾಗ್ ದೀಪಕ್ಕೆ ಸ್ಕ್ಯಾನರಿನಿಂದ ಅಪ್ಪಣೆ ಹೋಯಿತು. ಫಲಕ ಕತ್ತಲಾಗಿಯೇ ಇತ್ತು. ಬ್ರೇಕಿನ ದೀಪಕ್ಕೆ ಅಪ್ಪಣೆ ಹೋಯಿತು.

ಎರಡು ದೀಪ ಹೊತ್ತಿದವು!

"ನೋಡಿದ್ಯಾ? ಏರ್‌ಬ್ಯಾಗ್ ದೀಪದ ದಾರಿ ಕತ್ತರಿಸಿ, ಬ್ರೇಕಿನ ದೀಪಕ್ಕೆ ಗಂಟು ಹಾಕಿದಾರೆ. ಅದು ಹೊತ್ತಿದ್ರೆ ಇದೂ ಹೊತ್ತುತ್ತೆ. ಅದು ಆರಿದ್ರೆ ಇದೂ ಆರುತ್ತೆ."

ಮಾಮ ಫಲಕ ಬಿಚ್ಚಿ ಬೆನ್ನು ಮೇಲಾಗಿಸಿದ. ಕೂದಲೆಳೆಯಂಥ ತಂತಿ, ಬೆಸುಗೆಯ ಮೇಲೊಂದು ಕೆಂಪು ಬೊಟ್ಟು.

"ರಕ್ತಾನಾ?" ಗಂಡ ಹತ್ತಿರ ಬಂದು ಬಗ್ಗಿದ.

"ಅಲ್ಲ. ಉಗುರುಬಣ್ಣ."

ಅಣ್ಣ ಮೇಜಿನ ಮೇಲಿನ ಸೀಸೆಯತ್ತ ತಿರುಗಿದ. ಟೇಪು ಸುತ್ತಲಾಗದ ಬೆಸುಗೆಗೆ ಉಗುರುಬಣ್ಣ ಹಚ್ಚುವ ರೂಢಿ ಈ ಗ್ಯಾರೇಜಿನದು. ಶುರುವಾಗಿದ್ದು ಪುಟ್ಟ ತಂಗಿಯ ಸೀಸೆ ಕದ್ದು; ಅವಳು ರಚ್ಚೆ ಹಿಡಿದಾಗ ಅಪ್ಪ ಹೊಸದು ಕೊಡಿಸಿದ್ದ. ಅಣ್ಣನಿಗೆ ಆ ವಾಸನೆಯೇ ಆಗದು. ಹಚ್ಚುವ ಕೈ ಒಂದೇ.

"ಹಳೇ ಓನರ್ ಅಲ್ಲ, ನಿನ್ನ ತಂಗಿ ಗಂಡನೂ ಅಲ್ಲ," ಮಾಮ ತಲೆ ತಗ್ಗಿಸಿದ. "ನಿಮ್ಮಪ್ಪ ಕಣೋ."

ಅಣ್ಣನಿಗೆ ತಂಗಿಯ ಗಂಡನ ಮುಖ ನೋಡುವ ಧೈರ್ಯವಾಗಲಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದು? ಜೈಲಿಗೆ ಯಾರನ್ನು ಕಳಿಸುವುದು?

"ಹೊಸ ಏರ್‌ಬ್ಯಾಗ್ ಬರೋದು ತಡ ಆಯ್ತು," ಅಪ್ಪನ ಬಾಯಿಂದ ಕೊನೆಗೂ ಮಾತು ಹೊರಟಿತು. "ಹುಟ್ಟುಹಬ್ಬ ಬಂದೇಬಿಡ್ತು. ಆಮೇಲೆ ಹಾಕಿದ್ರಾಯ್ತು ಅಂದ್ಕೊಂಡೆ... ಕೆಂಪು ದೀಪ ಕಂಡ್ರೆ ಅವಳಿಗೆ ಭಯ ಕಣೋ. ಅದು ಉರೀತಿದ್ರೆ ಮಗಳು ಕಾರು ಮುಟ್ತಾನೇ ಇರ್ಲಿಲ್ಲ."

"ಹೌದಪ್ಪಾ," ಎಂದ ಅಣ್ಣ. "ಮುಟ್ತಾನೇ ಇರ್ಲಿಲ್ಲ."