ಹೂವೇ ಇಲ್ಲದ ಕಾಲದ ಕಲ್ಲು

“ಇದು ಗಿಡ ಅಲ್ಲ ಕಣಮ್ಮ” ಎಂದ ಚಲಪತಿ ಚಿಕ್ಕಪ್ಪ.

ಗಂಗರತ್ನಳ ಮುಖ ಸಣ್ಣದಾಯಿತು. ಚಿಕ್ಕಪ್ಪ ಬೆಂಗಳೂರಿನ ಕಾಲೇಜಿನಲ್ಲಿ ಕಲ್ಲುಗಳ ಬಗ್ಗೆಯೇ ಓದುತ್ತಿದ್ದ. ಅವನು ಚಪ್ಪಲಿ ಬಿಡುವ ಮೊದಲೇ ಅವಳು ಗಿಡದಂಥ ಕಪ್ಪು ಗುರುತಿದ್ದ ಕಲ್ಲನ್ನು ಅವನ ಕೈಗಿಟ್ಟಿದ್ದಳು.

“ಸರಿಯಾಗಿ ನೋಡು! ಕೊಂಬೆ ಐತೆ, ತುದೀಲಿ ಹೂವೂ ಐತೆ. ಡೈನೋಸಾರ್ ಕಾಲದ ಹೂವು ಕಲ್ಲಾಗಿರ್ತವೆ ಅಂತ ನೀನೇ ಅಂದಿದ್ದೆ.”

“ಅಂದಿದ್ದೆ. ನಾಗಪುರದ ಆಚೆ ಅಂಥವು ಸಿಕ್ತವೆ. ಪುಟಾಣಿ ಹೂವು, ಕೇಸರ ಕೂಡ ಅಂಗೇ ಕಲ್ಲಾಗೈತೆ. ಇದು ಬೇರೆ. ಬಿರುಕಲ್ಲಿ ನೀರು ಇಳಿದು, ಅದ್ರಲ್ಲಿದ್ದ ಕಪ್ಪು ಲೋಹ ಇಂಗೆ ಹರಡ್ಕೊಂಡೈತೆ, ಅಷ್ಟೇ. ನಮ್ಮೂರ ಕಲ್ಲು ಹುಟ್ಟಿದಾಗ ಲೋಕದಲ್ಲಿ ಹೂವೇ ಇರ್ಲಿಲ್ಲ. ಡೈನೋಸಾರೂ ಇರ್ಲಿಲ್ಲ.”

ಆ ರಾತ್ರಿ ಅವಳು ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಹತ್ತಿರ ಆ ಕಲ್ಲು ಸಿಕ್ಕಿದ್ದು ಅವಳಿಗೂ ಗೆಳೆಯ ಆರುಮುಗಂಗೂ. ನಾಳೆ ಶಾಲೆಗೆ ಇನ್‌ಸ್ಪೆಕ್ಟರ್ ಬರುತ್ತಾರೆ. ಅವರಿಗೆ ಅದನ್ನು ತೋರಿಸಬೇಕೆಂದು ನಾರಾಯಣಮ್ಮ ಟೀಚರ್ ಹೇಳಿದ್ದರು.

“ಸುಮ್ನಿರು” ಎಂದ ಆರುಮುಗಂ, ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಅದು ಹೂವಲ್ಲ ಎಂದು ಅವಳು ಹೇಳಿದಾಗ. “ಇನ್‌ಸ್ಪೆಕ್ಟರ್‌ಗೆ ಏನು ಗೊತ್ತಾಗ್ತೈತೆ? ನೋಡ್ಕೊಂಡು ಓಗ್ಲಿ.”

“ಗೊತ್ತಾದ್ರೆ? ಟೀಚರ್‌ಗಲ್ವಾ ಅವಮಾನ?”

ಅಷ್ಟರಲ್ಲಿ ಗಂಟೆ ಬಾರಿಸಿತು; ಇಬ್ಬರೂ ತರಗತಿಗೆ ಓಡಿದರು.

ಬೋರ್ಡಿನ ಮೇಲೆ ಟೀಚರ್ ಆಗಲೇ ‘ಡೈನೋಸಾರ್ ಕಾಲದ ಹೂವು’ ಎಂದು ದುಂಡಗೆ ಬರೆದಿದ್ದರು. ಇನ್‌ಸ್ಪೆಕ್ಟರ್ ಇನ್ನೂ ಬಂದಿರಲಿಲ್ಲ. ಗಂಗರತ್ನ ಎದ್ದು ನಿಂತು, ಚಿಕ್ಕಪ್ಪ ಹೇಳಿದ್ದನ್ನು ಹೇಳಿದಳು.

“ಸುಳ್ಳು ಹೂವು!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಅವಳ ಕಿವಿ ಬಿಸಿಯಾಯಿತು.

ಟೀಚರ್ ನಗಲಿಲ್ಲ. ಬರೆದದ್ದನ್ನು ನಿಧಾನವಾಗಿ ಒರೆಸಿದರು. “ಹಾಗಾದ್ರೆ ಇದು ಏನಮ್ಮ? ಏನಂತ ಬರೀಲಿ?”

“ಹೂವೇ ಇಲ್ಲದ ಕಾಲದ ಕಲ್ಲು, ಟೀಚರ್.”

“ಎಲ್ಲೂ ಇರ್ಲಿಲ್ವಾ? ಒಂದೂ?” ಆರುಮುಗಂ ಕಣ್ಣರಳಿಸಿ ಕೇಳಿದ.

“ಒಂದೂ ಇಲ್ಲ. ಮುಡಿಯೋರೂ ಇಲ್ಲ.”

ಈಗ ಯಾರೂ ನಗಲಿಲ್ಲ. ಕಲ್ಲು ಮತ್ತೆ ಕೈಯಿಂದ ಕೈಗೆ ಹೋಯಿತು. ಈ ಸಲ ಒಬ್ಬೊಬ್ಬರೂ ಅದನ್ನು ತುಂಬ ಹೊತ್ತು ಹಿಡಿದುಕೊಂಡರು, ಆಮೇಲೆ ಬಂದ ಇನ್‌ಸ್ಪೆಕ್ಟರ್ ಕೂಡ.

ಸಂಜೆ ಇಬ್ಬರೂ ಊರಿಗಾಂ ರೈಲು ಸ್ಟೇಷನ್ ಪಕ್ಕದ ಕಾಲುದಾರಿಯಲ್ಲಿ ಮನೆಗೆ ಹೊರಟರು. ದಾರಿಯುದ್ದಕ್ಕೂ ತುಂಬೆ ಗಿಡ. ದಿನವೂ ಅವನ್ನು ತುಳಿದುಕೊಂಡೇ ಓಡುತ್ತಿದ್ದ ಗಂಗರತ್ನ ಇವತ್ತು ಥಟ್ಟನೆ ನಿಂತಳು. ಬಗ್ಗಿ ನೋಡಿದಳು. ಉಗುರಿನಷ್ಟೂ ಇಲ್ಲದ ಬಿಳಿ ಹೂವು. ಇದೊಂದು ಬರಲು ಲೋಕ ಎಷ್ಟು ಕಾಲ ಕಾದಿತ್ತೋ!

“ಏನಾಯ್ತು? ಬಾ” ಎಂದ ಆರುಮುಗಂ.

“ಈ ಕಡೆಯಿಂದ ಬಾರೋ” ಎಂದು ಅವಳು ಗಿಡವನ್ನು ಬಳಸಿಕೊಂಡು ನಡೆದಳು.